ಅತಿಥಿಯನ್ನು ಕೇಳಬಾರದ ಮಾತು

ವಾದಿ ರಮ್ ಮರುಭೂಮಿ
ಸೆಪ್ಟೆಂಬರ್ ೧೬, ಬೆಳಗಿನ ಹೊತ್ತು

ನನ್ನ ಮುದ್ದಿನ ಅಪ್ಪಾ,

ಹೇಗಿದ್ದೀಯ? ಲಾರಿಯಲ್ಲಿ ಕೂತು ಕೂತು ಹಿಡಿದಿದ್ದ ಸೊಂಟ ಈಗ ಬಿಟ್ಟಿತೇ? ಜೆಡ್ಡಾದ ಸೆಕೆಯಲ್ಲಿ ನಿದ್ದೆಯಾದರೂ ಬರುತ್ತದೆಯೇ? ನಾವು ದೇವರ ದಯೆಯಿಂದ ಚೆನ್ನಾಗಿದ್ದೇವೆ. ಕಪ್ಪು ಮೇಕೆ ಎರಡು ಮರಿ ಹಾಕಿದೆ. ಒಂದಕ್ಕೆ ನಿನ್ನದೇ ಮೊಂಡುತನ. "ಯಾವಾಗ ಬರ್ತೀಯ ಅಂತ ಮಾತ್ರ ಬರೀಬೇಡ ಕಣೇ, ದುಡಿಯೋಕೆ ಹೋದೋರನ್ನ ಹಿಂದಿನಿಂದ ಕರೀಬಾರದು" ಎನ್ನುತ್ತಾಳೆ ಅಮ್ಮ. ಎರಡು ವರ್ಷದಿಂದ ನಾನು ಅದನ್ನು ಬರೆದೂ ಇಲ್ಲ, ನೋಡು.

ಕಳೆದ ವಾರ ನಮ್ಮ ಡೇರೆಗೆ ಮಾರ್ಟಾ ಎಂಬ ಹೆಂಗಸು ಬಂದಿದ್ದಳು, ಚಿತ್ರ ಬಿಡಿಸುವವಳು. ತಾತ ರೂಢಿಯಂತೆ ಮೂರು ಬಟ್ಟಲು ಕಾಫಿ ಕೊಟ್ಟ. "ಬಂದೋರನ್ನ ಮೂರು ದಿನ ಕಳೆಯೋ ಮುಂಚೆ ಎಲ್ಲಿಂದ, ಎಲ್ಲಿಗೆ ಅಂತ ಕೇಳಿದ್ರೆ ನಮ್ಮ ಕಾಫಿಗೇ ಅವಮಾನ" ಎಂಬ ಅವನ ಪಾಠ ನಿನಗೆ ಗೊತ್ತಲ್ಲ! ಎರಡನೇ ದಿನ ಬೆಳಗ್ಗೆ ಅವಳು ಒಂದೇ ಬಾಟಲಿ ನೀರು ಹಿಡಿದು, ಚಪ್ಪಲಿ ಮೆಟ್ಟಿ, ಕೆಂಪು ಕಮರಿಯ ಕಡೆ ಹೊರಟಳು. ಎಲ್ಲಿಗೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ತಾತ ಕಣ್ಣಲ್ಲೇ ಗದರಿದ, ನುಂಗಿಕೊಂಡೆ. ಮರಳು ಆಗ ತಾನೇ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಅವಳು ನಡೆಯುತ್ತ ನಡೆಯುತ್ತ ಬೆರಳಷ್ಟಾದಳು, ಕಾಳಷ್ಟಾದಳು, ಆಮೇಲೆ ಬರೀ ಬೆಳಕು. ನಾನು ನಿದ್ದೆಗಣ್ಣಲ್ಲಿ ನೋಡುತ್ತಲೇ ಇದ್ದೆ.

ಮಧ್ಯಾಹ್ನ ಕಳೆದರೂ ಅವಳ ಸುಳಿವಿಲ್ಲ. ನಾನೂ ತಾತನೂ ಹುಡುಕುತ್ತ ಹೊರಟೆವು. ಹೆಜ್ಜೆ ಗುರುತು ಬಂಡೆಯ ಬುಡದವರೆಗೆ ಬಂದು ನಿಂತಿತು. "ಮರಳು ಚಾಡಿಕೋರ, ಎಲ್ಲಾ ಹೇಳ್ಬಿಡುತ್ತೆ. ಬಂಡೆ ಬಾಯೇ ಬಿಡಲ್ಲ" ಎಂದು ತಾತ ನಿಟ್ಟುಸಿರಿಟ್ಟ. ಕೂಗಿ ಕೂಗಿ ನನ್ನ ಗಂಟಲು ಹರಿಯಿತು, ಕಮರಿ ನನ್ನ ಕೂಗನ್ನೇ ನನಗೆ ಮರಳಿಸುತ್ತಿತ್ತು. ಹೊತ್ತು ಮುಳುಗುವಾಗ ಸಿಕ್ಕಳು. ಹತ್ತುವಾಗ ಸುಲಭವೆನಿಸಿದ್ದ ಬಂಡೆಯ ಅಂಚು ಇಳಿಯುವಾಗ ರಸ್ಕಿನಂತೆ ಪುಡಿಯಾಗಿ, ಅವಳು ಬಿದ್ದು ಕಾಲು ಮುರಿದುಕೊಂಡಿದ್ದಳು. ತುಟಿ ಒಡೆದಿತ್ತು. ತಾತ ಮೊದಲು ಬಟ್ಟೆ ನೆನೆಸಿ ತುಟಿ ಒರೆಸಿ, ಆಮೇಲೆ ಗುಟುಕು ಗುಟುಕಾಗಿ ನೀರು ಕೊಟ್ಟ. ಅವಳು ಕನಸಿನಲ್ಲಿ ಮಾತಾಡುವವಳ ಹಾಗೆ, "ಹೋಗೋ ದಾರಿ ಹೇಳೋಣ ಅಂತಿದ್ದೆ. ಯಾರೂ ಕೇಳ್ಲೇ ಇಲ್ವಲ್ಲ" ಎಂದಳು.

ಅಯ್ಯೋ ಅಪ್ಪಾ, ಅವಳನ್ನು ನಮ್ಮ ಜೀಪಿನಲ್ಲಿ ಒಯ್ದು ಆಸ್ಪತ್ರೆಗೆ ಸೇರಿಸಿ ಬಂದ ಮೇಲೆ ತಾತ ಕಾಫಿ ಪಾತ್ರೆ ಮುಟ್ಟಲೇ ಇಲ್ಲ. "ನೀರು ಕೊಟ್ಟೆ, ನೆರಳು ಕೊಟ್ಟೆ, ಒಂದು ಮಾತು ಕೊಡ್ಲಿಲ್ಲ" ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದ. ನಿನ್ನೆ ಗಂಡ ಹೆಂಡತಿ ಇಬ್ಬರು ಚಾರಣಕ್ಕೆಂದು ಬಂದರು. ತಾತ ಎದ್ದು ಕಾಫಿ ಕಾಯಿಸಿದ. ಅವರು ಮೊದಲ ಗುಟುಕು ಕುಡಿಯುವ ಮೊದಲೇ, "ಯಾವ ಕಡೆಗಪ್ಪಾ? ನೀರೆಷ್ಟಿದೆ? ಎಷ್ಟೊತ್ತಿಗೆ ವಾಪಸ್ಸು? ಆಗ ಬರ್ಲಿಲ್ಲ ಅಂದ್ರೆ ನಾನೇ ಬರ್ತೀನಿ" ಎಂದ. ಅವರು ಬೇಸರಪಡಲಿಲ್ಲ, ಚೀಲ ಬಿಚ್ಚಿ ನೀರು ತೋರಿಸಿದರು. ಮಧ್ಯಾಹ್ನದೊಳಗೆ ಬಂದೂಬಿಟ್ಟರು.

ಅಮ್ಮನ ಸಲಾಂ, ತಾತನ ಹಾರೈಕೆ. ದಾರಿ ನಿನಗೆ ಮೆತ್ತಗಿರಲಿ.

ನಿನ್ನ
ನೌಫ

ಮರೆತಿದ್ದೆ: ಅಮ್ಮ ಮೇಕೆ ಕಟ್ಟಲು ಹೋಗಿದ್ದಾಳೆ, ಬೇಗ ಬೇಗ ಬರೆಯುತ್ತೇನೆ. ಅಪ್ಪಾ, ಯಾವಾಗ ಬರ್ತೀಯ? ಚಳಿ ಶುರುವಾಗುವುದರೊಳಗೆ ಬರದಿದ್ದರೆ ನಾವೇ ಹುಡುಕಿಕೊಂಡು ಬರುತ್ತೇವೆ. ತಾತ ಆಗಲೇ ಜೀಪಿಗೆ ಡೀಸೆಲ್ ತುಂಬಿಸಿದ್ದಾನೆ.