ಹಿಂದಿನ ಮೈಕು

೯ ಜನವರಿ ೧೯೭೨, ಭಾನುವಾರ

ಕೆಳಗೆ ಮೋನಪ್ಪಣ್ಣನ ಹೋಟೆಲ್ಲಿನಲ್ಲಿ ಇವತ್ತೂ ಅದೇ ರೆಕಾರ್ಡು. ನಾನು ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಭಾನುವಾರ ಗಿರಾಕಿ ಜಾಸ್ತಿ, ವಾಲ್ಯೂಮೂ ಜಾಸ್ತಿ. ಹಲಗೆಯ ಸಂದಿಯಿಂದ ನನ್ನ ಗುರು ದೇವಕ್ಕನ, ನಮ್ಮ ಅಕ್ಕನ, ಭೀಮಪಲಾಸ ಬರುತ್ತದೆ, ಸಾಂಬಾರಿನ ವಾಸನೆ ಸಮೇತ. ಮಧ್ಯಾಹ್ನದ ರಾಗ, ಬೆಳಗ್ಗೆ ಎಂಟಕ್ಕೆ! ಮೋನಪ್ಪಣ್ಣನಿಗೆ ಇಡ್ಲಿಗೂ ಹೊತ್ತಿಲ್ಲ, ರಾಗಕ್ಕೂ ಹೊತ್ತಿಲ್ಲ.

ಮೆಟ್ಟಿಲ ಹತ್ತಿರ ಯಾರೋ ಹೇಳುತ್ತಿದ್ದ — "ಅರವತ್ತೆಂಟು ವರ್ಷ ಅಂತೆ ಮಾರಾಯ ಆ ಹೆಂಗಸಿಗೆ. ಆ ಮೇಲಿನ ಷಡ್ಜ ಕೇಳು. ಹದಿನೆಂಟರ ಹುಡುಗಿ ಹಾಗೆ ಉಂಟು."

ಹದಿನೆಂಟಲ್ಲಪ್ಪಾ, ಮೂವತ್ತೊಂದು. ಅದು ಅಕ್ಕ ಅಲ್ಲ, ನಾನು. ಇಳಿದು ಹೋಗಿ ಅವನ ಮುಖಕ್ಕೇ ಹೇಳಬೇಕು ಅನ್ನಿಸಿತು. ಸುಮ್ಮನೆ ಬೆಳ್ಳುಳ್ಳಿ ಸುಲಿದೆ.

ಅಕ್ಕನ ಗಂಟಲು ಮೇಲಕ್ಕೆ ಹೋಗುವುದು ನಿಂತು ಕೆಲವು ವರ್ಷವಾಯಿತು. ಮಂದ್ರದಲ್ಲಿ ಇವತ್ತಿಗೂ ಅವರ ಸಮ ಯಾರೂ ಇಲ್ಲ. ಮೇಲೆ ಮಾತ್ರ ನಿಷಾದದವರೆಗೆ ಬಂದು ಕೈ ಎತ್ತುತ್ತಾರೆ. ಬೆನ್ನ ಹಿಂದೆ ತಂಬೂರಿ ಹಿಡಿದು ಕೂತ ನಾನು ಷಡ್ಜ ಹಾಕುತ್ತೇನೆ. ಅವರ ಬಾಯಿ ತೆರೆದೇ ಇರುತ್ತದೆ. ಕಚೇರಿಯಲ್ಲಿ ಮುಂದಿನ ಸಾಲಿನವರಿಗೂ ಗೊತ್ತಾಗುವುದಿಲ್ಲ. ರೆಕಾರ್ಡಿನಲ್ಲಂತೂ ದೇವರಿಗೂ ಗೊತ್ತಾಗದು. ಕವರಿನ ಮೇಲೆ ಒಂದೇ ಹೆಸರು, ದೇವಕ್ಕ. ಒಂದೇ ಫೋಟೋ. ಅದರಲ್ಲಿ ನನ್ನ ಮೊಣಕೈ ಇದೆ.

ಅಕ್ಕನಿಗೇ ಗೊತ್ತಿದೆಯೋ ಇಲ್ಲವೋ... ಆ ರೆಕಾರ್ಡು ಬಂದ ದಿನ "ನೋಡ ಸೋಮೀ, ನನ್ನ ಗಂಟಲ ಇನ್ನೂ ಹೆಂಗದ" ಅಂದಿದ್ದರು. ಹೌದ್ರಿ ಅಂದೆ. ಇನ್ನೇನು ಹೇಳಲಿ?

ನಾಟಕ ಕಂಪನಿ ಮುಚ್ಚಿದ ವರ್ಷ ಅಪ್ಪ ನನ್ನನ್ನು ಅಕ್ಕನ ಮನೆಯಲ್ಲಿ ಬಿಟ್ಟು ಹೋದ. ಆಗ ಹನ್ನೆರಡು ನನಗೆ. ಅಕ್ಕ ಕೈಗೆ ಕೆಂಪು ದಾರ ಕಟ್ಟಿ ಶಿಷ್ಯೆ ಮಾಡಿಕೊಂಡರು. ಗುರು ಹೂಂ ಅನ್ನದೆ ಎಲ್ಲಿಯೂ ಒಬ್ಬಳೇ ಹಾಡುವಂತಿಲ್ಲ. ದಾರ ಎಂದೋ ಹರಿದು ಹೋಗಿದೆ. ಹೂಂ ಇನ್ನೂ ಬಂದಿಲ್ಲ.

೨೭ ಜನವರಿ

ಸ್ಟುಡಿಯೋ. ಅಕ್ಕನ ಹೊಸ ರೆಕಾರ್ಡು, ಯಮನ್ ರಾಗ. ರೆಕಾರ್ಡು ಕಂಪನಿಯ ರಮಾನಾಥರು ಉಡುಪಿ ಕಡೆಯವರು, ಮಾಟುಂಗದಲ್ಲಿ ಮನೆ. ಹೊಸ ಮೆಶೀನು ಬಂದಿದೆ ಎಂದು ಮದುವೆ ಮನೆಯವರ ಹಾಗೆ ಓಡಾಡುತ್ತಿದ್ದರು. ಸ್ಟೀರಿಯೋ ಅಂತೆ.

"ಈಗ ಎರಡು ಮೈಕ್ ಅಕ್ಕಾ. ಮುಂದೆ ನಿಮಗೆ ಒಂದು, ಹಿಂದೆ ತಂಬೂರಿಗೆ ಒಂದು. ಕೇಳುವವನಿಗೆ ಕಚೇರಿಯಲ್ಲೇ ಕೂತ ಹಾಗೆ ಆಗ್ತದೆ."

"ಹಾಡಾಕಿ ಒಬ್ಬಾಕಿ. ಮೈಕ್ ಎರಡ ಯಾಕ? ತಂಬೂರಿಗೂ ಒಂದ ಮೈಕ್ ಬಂತು, ಕಾಲ ನೋಡ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಿಂದಿನ ಮೈಕು ನನ್ನ ಗಲ್ಲದಿಂದ ಒಂದು ಗೇಣು. ತಂಬೂರಿಗೆ ತಾಗುತ್ತದೆ, ಸರಿಸಿ ಎಂದೆ. ತಾಗುವುದಿಲ್ಲ ಎಂದರು.

ಚೆನ್ನಾಗಿ ಬಂತು. ಅಕ್ಕ ಕೈ ಎತ್ತಿದಾಗೆಲ್ಲ ಹಾಕಿದೆ. ಮನೆಗೆ ಬಂದು ಅವರ ಕಾಲಿಗೆ ಎಣ್ಣೆ ತಿಕ್ಕಿದೆ.

೧೫ ಫೆಬ್ರವರಿ

ಟೇಪು ಕೇಳಲು ಕರೆದಿದ್ದರು. ಗೋಡೆಯ ಎರಡು ಮೂಲೆಗೆ ಎರಡು ಸ್ಪೀಕರ್ ಪೆಟ್ಟಿಗೆ. ಅಕ್ಕನನ್ನು ನಡುವೆ ಕುರ್ಚಿಯಲ್ಲಿ ಕೂರಿಸಿದರು. ನಾನು ಬಾಗಿಲ ಹತ್ತಿರ.

ಎಡಗಡೆಯ ಪೆಟ್ಟಿಗೆಯಿಂದ ಅಕ್ಕನ ದನಿ. ಗಂಭೀರ, ಸಾವಕಾಶ. ಏರಿತು, ಏರಿತು, ನಿಷಾದಕ್ಕೆ ಬಂತು... ಷಡ್ಜ ಬಲಗಡೆಯ ಪೆಟ್ಟಿಗೆಯಿಂದ ಬಂತು.

ಮತ್ತೆ ಏರಿತು. ಮತ್ತೆ ಬಲಗಡೆ. ಪ್ರತಿ ಸಲವೂ. ಹಾಡುವವಳು ನಡುವೆ ಎದ್ದು ಆ ಮೂಲೆಗೆ ಹೋಗಿ ಕೂತ ಹಾಗೆ.

ರಮಾನಾಥರು ತಿರುಗಿ ನನ್ನನ್ನು ನೋಡಿದರು. "ಇದು... ನೀವಾ?"

ಅಕ್ಕ ಕಣ್ಣು ತೆರೆಯದೆ ಹೇಳಿದರು — "ಆಕೀನ್ನ ಯಾಕ ಕೇಳ್ತೀರಿ? ನನ್ನ ಕೇಳ್ರಿ. ಮ್ಯಾಲಿಂದೆಲ್ಲಾ ಆಕೀದು. ಹಿಂದಿನ ರೆಕಾರ್ಡಿಂದೂ ಆಕೀದ."

"ಹಾಗಾದ್ರೆ ಒಂದೇ ಹೆಸರು ಹಾಕಿ ರೆಕಾರ್ಡು ಬಿಡ್ಲಿಕ್ಕೆ ಆಗುದಿಲ್ಲ ಅಕ್ಕಾ. ಕೇಳಿದವರಿಗೆ ಗೊತ್ತಾಗ್ತದೆ."

"ಬಿಡಬ್ಯಾಡ್ರಿ."

ಟ್ಯಾಕ್ಸಿ ಗ್ರಾಂಟ್ ರೋಡಿಗೆ ಬಂತು. ಕೊನೆಗೆ ನಾನೇ ಕೇಳಿದೆ.

"ನಿಮಗ ಗೊತ್ತಿತ್ತೇನ್ರಿ ಅಕ್ಕಾರ?"

"ನನ್ನ ಗಂಟಲ ನನಗ ಗೊತ್ತಿರೂದಿಲ್ಲೇನು?"

"ಮತ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಹೋಗ್ತಿದ್ದಿ."

೧೬ ಫೆಬ್ರವರಿ

ಸಿಟ್ಟು. ಅನ್ನ ಬಸಿಯುವಾಗ ಸಿಟ್ಟು, ಅವರ ಸೀರೆ ಒಣಹಾಕುವಾಗ ಸಿಟ್ಟು. ಪಾಪ, ಮುದುಕಿ, ತಿಳಿದರೆ ಎದೆ ಒಡೆದೀತು ಎಂದು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ನಾನು ಅವರನ್ನು ಕಾಪಾಡುತ್ತಿದ್ದೇನೆ ಎಂಬ ಭ್ರಮೆ. ಎಷ್ಟು ಚೆನ್ನಾಗಿ ಹಾಡಿದೆನೋ ಅಷ್ಟು ಗಟ್ಟಿಯಾಗಿ ಗಂಟು ಬಿತ್ತು. ಹೋಗಲಿಕ್ಕೆ ಜಾಗವಾದರೂ ಎಲ್ಲಿದೆ? ಭಾಂಡುಪಿನಲ್ಲಿ ತಮ್ಮ ಸಂಗಪ್ಪನ ಖೋಲಿ. ಅಲ್ಲಿ ಅವರಿಗೇ ಕಾಲು ಚಾಚಲು ಜಾಗವಿಲ್ಲ.

೨೦ ಫೆಬ್ರವರಿ, ಸಂಜೆ

ರಮಾನಾಥರು ಮನೆಗೇ ಬಂದರು. ಚಾಪೆಯ ಮೇಲೆ ಕೂತು ಚಹ ಕುಡಿದರು. ಹೊಸ ಕಲಾವಿದರದೊಂದು ಸರಣಿ ತರುತ್ತಾರಂತೆ.

"ಸೋಮವ್ವನವರದ್ದು ಒಂದು ಎಲ್‌ಪಿ ಮಾಡುವಾ ಅಂತ. ಎರಡೂ ಸೈಡ್ ಅವರದ್ದೇ. ನೀವು ಒಪ್ಪಿದರೆ ಮಾತ್ರ ಅಕ್ಕಾ."

ಅಕ್ಕ ಕಿಟಕಿಯ ಕಡೆ ತಿರುಗಿದರು. ಕೆಳಗೆ ಹೋಟೆಲ್ಲಿನಲ್ಲಿ ಒರಳು ತಿರುಗುತ್ತಿತ್ತು. ನಾನು ಬಸಿ ಹಿಡಿದುಕೊಂಡು ನಿಂತೇ ಇದ್ದೆ.

"ಮಾಡ್ಲಿ," ಅಂದರು. "ಹಿಂದ ತಂಬೂರಿ ನಾ ಹಿಡೀತೀನಿ."

ಹತ್ತೊಂಬತ್ತು ವರ್ಷ ಈ ಒಂದು ಮಾತಿಗೆ ಕಾದಿದ್ದೇನೆ. ಒಳಗೆ ಹೋಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತೆ. ಎಷ್ಟು ಸಂತೋಷ! ನನ್ನ ಹೆಸರು. ನನ್ನ ಮುಖ — ಬರೀ ಮೊಣಕೈ ಅಲ್ಲ.

೫ ಮಾರ್ಚ್, ಭಾನುವಾರ

ಭಾಂಡುಪಿಗೆ ಹೋಗಿದ್ದೆ. ಸಂಗಪ್ಪನ ಮಗಳಿಗೆ ಹೆಸರಿಡುವುದು. ಚಾಳಿನ ಹೆಂಗಸರೆಲ್ಲ ತೊಟ್ಟಿಲ ಸುತ್ತ. ಸಂಗಪ್ಪನ ಹೆಂಡತಿ ಲಕ್ಷ್ಮವ್ವ ಎಲ್ಲರ ಎದುರಿಗೆ ದೊಡ್ಡದಾಗಿ ಅಂದಳು — "ನಮ್ಮ ಸೋಮಕ್ಕಾರದು ರೆಕಾರ್ಡ್ ಬರ್ತದ! ತೊಟ್ಟಿಲ ಪದಾ ಅವ್ರ ಎತ್ತಲಿ. ಎತ್ತರಿ ಅಕ್ಕಾರ."

ಎಲ್ಲರೂ ನನ್ನ ಕಡೆ ತಿರುಗಿದರು. ಪದ ಗೊತ್ತು. ಧಾಟಿ ಗೊತ್ತು. ಬಾಯಿ ತೆರೆದೆ. ದನಿ ಹೊರಡಲಿಲ್ಲ. ಮಗು ಅಳುತ್ತಿತ್ತು, ನಾನು ಏನನ್ನೋ ಕಾಯುತ್ತಿದ್ದೆ. ಲಕ್ಷ್ಮವ್ವನ ಮುಖ ಸಣ್ಣಗಾಯಿತು. ಕೊನೆಗೆ ಪಕ್ಕದ ಖೋಲಿಯ ಮುದುಕಿ ಒಡಕು ದನಿಯಲ್ಲಿ ಎತ್ತಿದಳು. ಅವಳು ಎತ್ತಿದ್ದೇ ತಡ, ನಾನು ಸರಕ್ಕನೆ ಮೇಲೇರಿದೆ. ಎಲ್ಲರೂ ಹೊಗಳಿದರು. ಲಕ್ಷ್ಮವ್ವ ನನ್ನ ದೃಷ್ಟಿ ತೆಗೆದಳು.

ಬರುವಾಗ ಲೋಕಲ್‌ನಲ್ಲಿ ಹೊಳೆಯಿತು. ದಾದರಿನಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು. ಇಳಿಯಲಿಲ್ಲ. ವಿ.ಟಿ. ತನಕ ಹಾಗೇ ಕೂತಿದ್ದೆ.

ನಾನು ಯಾವತ್ತೂ ಶುರು ಮಾಡಿದವಳಲ್ಲ.

೬ ಮಾರ್ಚ್

ಅಕ್ಕ ಗುಡಿಗೆ ಹೋದಾಗ ಬಾಗಿಲು ಹಾಕಿಕೊಂಡು ಕೂತೆ. ತಂಬೂರಿ ಸರಿಯಾಗಿ ಕೂಡಿತು. ಮುಲ್ತಾನಿ ಎತ್ತಬೇಕು. ರೆಕಾರ್ಡಿನ ಮೊದಲ ಸೈಡು ಅದೇ.

ಈ ಮನೆಯಲ್ಲಿ ರಿಯಾಜು ಅಂದರೆ ಅಕ್ಕ ಎತ್ತಬೇಕು, ನಾನು ಹಿಡಿಯಬೇಕು. ಶಿಷ್ಯೆ ತಾನಾಗಿ ಎತ್ತಿದರೆ ಅದು ಸೊಕ್ಕು. ಮೊದಲ ವರ್ಷವೇ ಎರಡು ಏಟು ತಿಂದು ಕಲಿತ ಪಾಠ. ಆಮೇಲೆ ಏಟಿನ ಅಗತ್ಯ ಬೀಳಲಿಲ್ಲ, ಅಷ್ಟು ಚೆನ್ನಾಗಿ ಕಲಿತೆ.

ತಂತಿ ಮೀಟುತ್ತ ಮೀಟುತ್ತ ಬೆರಳು ಕೆಂಪಾಯಿತು. ಗಂಟಲಿಗೆ ಏನೂ ಆಗಿಲ್ಲ, ನೀರು ಕುಡಿದರೆ ಇಳಿಯುತ್ತದೆ, ಮಾತಾಡಿದರೆ ಮಾತು ಬರುತ್ತದೆ. ರಾಗ ಇಡೀ ಒಳಗಿದೆ. ಬಾಗಿಲು ಮಾತ್ರ ನನ್ನ ಕಡೆಯಿಂದ ತೆರೆಯುವುದಿಲ್ಲ.

ಅಕ್ಕ ಬಂದರು. ತೀರ್ಥದ ಕೈ ಒರೆಸಿಕೊಂಡು, ಸೀರೆಯನ್ನೂ ಬದಲಿಸದೆ, ಎತ್ತಿದರು. ನನ್ನಿಂದ ಹೊಳೆಯಾಗಿ ಹರಿಯಿತು. ಹೇಳಬೇಕಿತ್ತು. ಹೇಳಲು ನಾಚಿಕೆಯಾಯಿತು. ಸ್ಟುಡಿಯೋದ ಕೆಂಪು ಲೈಟು ನೋಡಿದರೆ ತಾನಾಗಿ ಬರುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

೨೨ ಮಾರ್ಚ್

ಬರಲಿಲ್ಲ.

ಈ ಸಲ ಮುಂದಿನ ಮೈಕು ನನಗೆ. ಅಕ್ಕ ಹಿಂದೆ. ಕೆಂಪು ಲೈಟು ಹತ್ತಿತು. ತಂಬೂರಿ ನುಡಿಯುತ್ತಿದೆ, ಟೇಪು ತಿರುಗುತ್ತಿದೆ. ಗಾಜಿನ ಆಚೆ ರಮಾನಾಥರು ಹುಬ್ಬು ಹಾರಿಸಿದರು. ಲೈಟು ಆರಿಸಿದರು. "ಗಾಬರಿ ಬೇಡ ಮಾರಾಯ್ರೆ, ಮೊದಲ ಸಲ ಎಲ್ಲರಿಗೂ ಹೀಗೇ." ಮತ್ತೆ ಲೈಟು. ಮತ್ತೆ ಆರಿಸಿದರು. ತಬಲದವರು ಕೈಗೆ ಪೌಡರ್ ಹಚ್ಚಿಕೊಂಡರು, ನನ್ನನ್ನು ನೋಡಲಿಲ್ಲ.

ಮೂರನೆಯ ಸಲ ಲೈಟು ಹತ್ತಿದಾಗ ಹಿಂದಿನಿಂದ ಅಕ್ಕ ಎತ್ತಿದರು. ಮಂದ್ರದ ನಿಷಾದದಿಂದ ಷಡ್ಜಕ್ಕೆ, ಒಂದೇ ಒಂದು ಸಾಲು. ಕೂಡಲೇ ನಾನು ಹಿಡಿದೆ. ಲೈಟು ಆರುವವರೆಗೆ ಎಲ್ಲಿದ್ದೆನೋ ಗೊತ್ತಿಲ್ಲ.

ಗಾಜಿನ ಆಚೆಯವರೆಲ್ಲ ಎದ್ದು ಚಪ್ಪಾಳೆ. ರಮಾನಾಥರು ಬ್ಲೇಡು ತೋರಿಸಿದರು. "ಅಕ್ಕನ ಆ ಒಂದು ಸಾಲು ಟೇಪಿನಿಂದ ಕತ್ತರಿಸಿದರಾಯ್ತು. ಯಾರಿಗೂ ಗೊತ್ತಾಗುದಿಲ್ಲ."

"ಕತ್ತರಸ್ರಿ," ಅಂದರು ಅಕ್ಕ.

ಬೇಡ ಎನ್ನಬೇಕಿತ್ತು ನಾನು. ಅನ್ನಲಿಲ್ಲ. ನನ್ನ ಹೆಸರು ಬೇಕಿತ್ತು ನನಗೆ.

ಎರಡನೆಯ ಸೈಡು ಶನಿವಾರ ಹತ್ತಕ್ಕೆ. ಮೆಟ್ಟಿಲಿಳಿಯುವಾಗ ರಮಾನಾಥರು ಮೆಲ್ಲಗೆ ಹೇಳಿದರು — "ಆ ದಿನ ಆಗದಿದ್ರೆ ಕಷ್ಟ ಉಂಟು. ಮೇಲಿನವರು ಬೇರೆಯವರಿಗೆ ಕೊಡ್ತಾರೆ."

೨೩ ಮಾರ್ಚ್

ಊಟಕ್ಕೆ ಕೂತಾಗ ಅಕ್ಕ ಹೇಳಿದರು.

"ಶನಿವಾರ ನಾ ಬರೂದಿಲ್ಲ. ತಂಬೂರಿಗೆ ಯಾರನರ ಕರೀರಿ ಅಂತ ಹೇಳು ರಮಾನಾಥರಿಗೆ."

"ಯಾಕ್ರೀ? ಕಾಲ ನೋಯ್ತಾವೇನ್ರಿ?"

"ಕಾಲಿಗೇನಾಗೇದ? ನಾ ಬಂದ್ರ ನೀ ಕಾಯ್ತಿ."

"ಬರದಿದ್ರೂ ಕಾಯ್ತೀನ್ರಿ."

ಅವರು ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದರು. "ನಾ ಮಾಡಿದ್ದು ಅದು" ಅಂದರು. ಎಲೆ ಬಿಟ್ಟು ಎದ್ದರು. ಇವರನ್ನು ಹಿಡಿದು ಅಲ್ಲಾಡಿಸಬೇಕು, ಕಾಲು ಹಿಡಿದು ಅಳಬೇಕು, ಎರಡೂ ಒಟ್ಟಿಗೆ ಅನ್ನಿಸಿತು. ಪಾತ್ರೆ ತಿಕ್ಕಿದೆ.

೨೫ ಮಾರ್ಚ್, ಶನಿವಾರ, ಬೆಳಗ್ಗೆ ಒಂಬತ್ತು

ಸ್ನಾನ ಆಯಿತು. ಮಾವಿನ ಬಣ್ಣದ ಸೀರೆ. ಅಕ್ಕ ಇನ್ನೂ ಎದ್ದಿಲ್ಲ. ಎಂದೂ ಇಷ್ಟು ಹೊತ್ತು ಮಲಗಿದವರಲ್ಲ.

ಹತ್ತಿರ ಹೋಗಿ ಭುಜ ಅಲುಗಿಸಿದೆ. ಎಚ್ಚರವಾಗಿಯೇ ಇದ್ದರು. ರೆಪ್ಪೆ ಅದುರುತ್ತಿತ್ತು.

"ಅಕ್ಕಾರ, ಒಂದ ಸಾಲು. ಇಲ್ಲೇ, ಮನ್ಯಾಗ ಎತ್ತಿಕೊಡ್ರಿ. ಬಾಯಾಗ ಇಟ್ಕೊಂಡು ಹೋಗ್ತೀನಿ."

ಗೋಡೆಯ ಕಡೆ ಹೊರಳಿದರು.

ಕೆಳಗೆ ಟ್ಯಾಕ್ಸಿ ಬಂದಿದೆ. ತಬಲದವರು ಅದರಲ್ಲೇ ಕೂತಿದ್ದಾರೆ. ಹಾರ್ನು. ಚಪ್ಪಲಿ ಮೆಟ್ಟಿಕೊಂಡೇ ಬರೆಯುತ್ತಿದ್ದೇನೆ. ಮೋನಪ್ಪಣ್ಣ ಕೆಳಗಿನಿಂದ ಕೂಗುತ್ತಿದ್ದಾನೆ, "ಸೋಮಕ್ಕಾ, ಗಾಡಿ ಬಂತು ಮಾರಾಯ್ರೆ!" ಹೋಗಬೇಕು. ಹೋಗುತ್ತೇನೆ.

ಅಕ್ಕ ಕೆಮ್ಮಿದರು. ಗಂಟಲು ಸರಿಮಾಡಿಕೊಂಡ ಹಾಗೆ ಕೇಳಿಸಿತು. ಒಂದು ನಿಮಿಷ ನಿಂತು ನೋಡುತ್ತೇನೆ. ಬಹುಶಃ ಈಗ —