ಒಂದು ಹರಳು ಉಪ್ಪು

ಜನವರಿ 9, ಗುರುವಾರ. ಬೆಳಿಗ್ಗೆ 5-20

ಎದ್ದ ಕೂಡಲೇ ನಾಲಿಗೆಯ ಮೇಲೆ ಒಂದು ಹರಳು ಉಪ್ಪು ಇಟ್ಟುಕೊಂಡೆ. ಉಪ್ಪಾಗಿಯೇ ಇದೆ. ನಿನ್ನೆಯಂತೆ. ಮೊನ್ನೆಯಂತೆ.

ಚಹಾ ಕುಡಿದೆ. ಡಬ್ಬಿ ಕಟ್ಟಿಕೊಂಡೆ. ಮಗಳು ತನ್ವಿಗೆ ಎರಡು ಚಪಾತಿ ಮುಚ್ಚಿಟ್ಟೆ, ತಿನ್ನುತ್ತಾಳೋ ಇಲ್ಲವೋ. ಫ್ಯಾಕ್ಟರಿಯಲ್ಲಿ ಈ ವಾರ ಬಿಸ್ಕೀಟ್ ಪ್ಯಾಕಿಂಗ್ ಲೈನು. ಕೈ ಕೆಲಸ ಮಾಡುತ್ತದೆ, ತಲೆ ಬೇಕಾಗಿಲ್ಲ. ಈಗ ಅದೇ ಒಳ್ಳೆಯದು.

ಅವ್ವ ಹೋದದ್ದು ಡಿಸೆಂಬರಿನಲ್ಲಿ. ಅವಳಲ್ಲಿದ್ದದ್ದು ಮಗಳಾದ ನನಗೆ ಬರಬೇಕಿತ್ತು. ಬಂದಿದ್ದರೆ ಮೊದಲು ಹೋಗುವುದು ಉಪ್ಪಿನ ರುಚಿ. ಅವ್ವನಿಗೂ ಹಾಗೇ ಹೋಗಿತ್ತು, ಅವಳವ್ವನಿಗೂ. ಅದಕ್ಕೇ ನಮ್ಮ ಮನೆಯ ಸಾರು ಒಂದು ದಿನ ಸಪ್ಪೆ, ಒಂದು ದಿನ ಬಾಯಿಗಿಡಲಾಗದಷ್ಟು ಉಪ್ಪು. ಅಪ್ಪ ಮಾತಾಡದೆ ಉಂಡು ಏಳುತ್ತಿದ್ದ.

ಹೊರಗೆ ಉಪ್ಪಿನ ಲಾರಿ ಹೋಯಿತು. ನಾವು ಕೆನಡಾದ ಈ ರೆಕ್ಸ್‌ಡೇಲಿಗೆ ಬಂದ ಮೊದಲ ಚಳಿಗಾಲದ ಮಾತು. ಹಿಮ ಕರಗಲೆಂದು ರಸ್ತೆಗೆ ಲಾರಿ ಉಪ್ಪು ಸುರಿಯುವುದನ್ನು ಅವ್ವ ಕಿಟಕಿಯಿಂದ ನೋಡಿದ್ದಳು. "ಈ ಊರಾಗ ಎಷ್ಟು ಮಂದೀಗೆ ಇಳಿಸ್ಯಾರ ನೋಡ ರಾಜಿ" ಅಂದಿದ್ದಳು.

ಬಸ್ಸಿಗೆ ಹೊತ್ತಾಯಿತು.


ಜನವರಿ 12, ರವಿವಾರ

ಬೇಸ್‌ಮೆಂಟು ಗುಡಿಸಿದೆ. ಅವ್ವನ ಖುರ್ಚಿ ಹಾಗೇ ಇದೆ. ಎದುರಿಗೆ ಸ್ಟೂಲು. ಆ ಸ್ಟೂಲಿನ ಮೇಲೆ ಯಾರು ತಾನೇ ಕೂತಿಲ್ಲ — ಪಂಜಾಬಿ ಡ್ರೈವರನ ಹೆಂಡತಿ, ಗಯಾನಾದ ಮುದುಕಿ, ವರ್ಕ್ ಪರ್ಮಿಟ್ ಮುಗಿಯುತ್ತ ಬಂದ ಬೆಳಗಾವಿ ಹುಡುಗರು. ಅವ್ವ ಮುಷ್ಟಿಯಲ್ಲಿ ಉಪ್ಪು ಹಿಡಿದು ಅವರ ತಲೆಯ ಸುತ್ತ ನಿವಾಳಿಸುವಳು. ಅವರ ಮೇಲೆ ಕುಂತದ್ದು ಉಪ್ಪಿಗೆ ಇಳಿಯುವುದು. ಏನು ಕುಂತಿದೆ ಎಂದು ಅವಳಿಗೆ ಕಾಣುತ್ತಿತ್ತು. ನಮಗಿಲ್ಲ. ಆಮೇಲೆ ಆ ಉಪ್ಪನ್ನು ಕಾಗದದಲ್ಲಿ ಕಟ್ಟಿ, ಬಸ್ ಸ್ಟಾಪಿನ ಆಚೆ ಮೂರು ದಾರಿ ಕೂಡುವಲ್ಲಿ ಚೆಲ್ಲಿ, ತಿರುಗಿ ನೋಡದೆ ಬರಬೇಕು. ಅದು ನನ್ನ ಕೆಲಸ. ಚೆಲ್ಲುವುದಷ್ಟೇ ನನ್ನದು.

ಊರಲ್ಲಿ ನಮ್ಮದಕ್ಕೆ ಮಾಟದ ಮನಿ ಅನ್ನುತ್ತಿದ್ದರು. ಮಾಟ ಹಾಕೋರಲ್ಲ, ಇಳಿಸೋರು ಅಂತ ಅವ್ವ ಸಂತೆಯಲ್ಲೂ ಜಗಳ ತೆಗೆದವಳು.

ಅದನ್ನು ನನಗೆ ಕೊಡು ಎಂದು ಎಷ್ಟು ಸಲ ಕೇಳಿದ್ದೆ. ಬಾಯಿಗಿಟ್ಟ ತುತ್ತಿನಲ್ಲಿ ಅರ್ಧ ಉಳಿಸಿ, ತನ್ನ ಕೈಯಾರೆ, ಮನಸಾರೆ ಕೊಟ್ಟರೆ ಸಾಕು. ಹಾಗೆಯೇ ಅದು ದಾಟುವುದು. ಕೊಡಲಿಲ್ಲ. "ನೀ ಉಪ್ಪು ಉಣ್ಣು, ಹೋಗ" ಅನ್ನುತ್ತಿದ್ದಳು. ಬೈದಂತೆ ಕೇಳಿಸುತ್ತಿತ್ತು. ನಿನಗೆ ಯೋಗ್ಯತೆಯಿಲ್ಲ ಅಂದಂತೆ.

ಮಧ್ಯಾಹ್ನ ತನ್ವಿ ಫ್ರೈಸ್ ತಿನ್ನುತ್ತಿದ್ದಳು. ಉಪ್ಪು ಹಾಕಿದಳು. ಒಂದು ಬಾಯಿಗಿಟ್ಟು ಮತ್ತೆ ಹಾಕಿದಳು. ಆಮೇಲೆ ಡಬ್ಬಿಯ ಮುಚ್ಚಳ ಬಿಚ್ಚಿ ಸುರಿದಳು. ಫೋನು ನೋಡುತ್ತ ತಿಂದೇ ತಿಂದಳು.

ನಾನು ತೊಳೆಯುತ್ತಿದ್ದ ಪಾತ್ರೆ ಕೈಯಲ್ಲೇ ಉಳಿಯಿತು.


ಜನವರಿ 13, ಸೋಮವಾರ

ಕೇಳಿದೆ. ಅಜ್ಜಿಯ ಎಂಜಲು ತಿಂದೆಯಾ ಎಂದು ತನ್ವಿಯನ್ನೇ ಕೇಳಿದೆ. ಹೇಳಿದಳು.

ಆಸ್ಪತ್ರೆ. ಅವ್ವ ಕೊನೆಗೆ ಬಾಯಿ ಮುಚ್ಚಿಬಿಟ್ಟಿದ್ದಳಲ್ಲ, ಹನಿ ಗಂಜಿಗೂ ತೆರೆಯದೆ. ರೋಗ ಹಾಗೆ ಮಾಡಿಸುತ್ತಿದೆ ಅಂದುಕೊಂಡಿದ್ದೆವು. ನಾನು ಕಾಫಿ ತರಲು ಕೆಳಗೆ ಹೋದಾಗ ತನ್ವಿ ಟ್ರೇದಲ್ಲಿದ್ದ ಆ್ಯಪಲ್‌ಸಾಸ್, ಬೇಯಿಸಿ ಅರೆದ ಸೇಬು, ಬಿಚ್ಚಿದಳಂತೆ. ನನಗಾಗಿ ಒಂದೇ ಚಮಚ, ಅಜ್ಜಿ, ಅಂದಳಂತೆ. ನನಗಾಗಿ. ಬಾಯಿ ತೆರೆಯಿತಂತೆ. ಅರ್ಧ ತಿಂದು ಚಮಚವನ್ನು ಅಜ್ಜಿ ಇವಳ ಕಡೆ ತಿರುಗಿಸಿದಳಂತೆ. ನೀನೂ ತಿನ್ನು ಎಂಬಂತೆ. ಇವಳು ತಿಂದಳು. ಅಜ್ಜಿ ಅತ್ತಳಂತೆ, ಯಾಕೆಂದು ತಿಳಿಯಲಿಲ್ಲವಂತೆ.

ನನಗೆ ತಿಳಿಯಿತು. ಎಂಜಲು ಉಳಿಯಬಾರದೆಂದೇ ಅವಳು ಉಪವಾಸ ಬಿದ್ದದ್ದು. ಇದನ್ನು ತನ್ನ ಜೊತೆಗೇ ಮುಗಿಸಬೇಕೆಂದಿದ್ದಳು. ಮೊಮ್ಮಗಳ ಮುಂದೆ ಸೋತಳು.

ನಮ್ಮ ಮನೆಯದೆಲ್ಲ ತನ್ವಿಗೆ ಹೇಳಿದೆ.

"ಸೋ... ನಾ ವಿಚ್ ಏನು ಈಗ? ಮಾಟಗಾತಿ?" ನಕ್ಕಳು. ನಗು ಬೇಗ ನಿಂತಿತು.

ಬಸ್ಸಿನಲ್ಲಿ ಪ್ರತಿಯೊಬ್ಬರ ಮೇಲೂ ಏನಾದರೂ ಕುಂತಿರುತ್ತದಂತೆ. ಗಣಿತದ ಟೀಚರ್ ಹೆಗಲ ಮೇಲೆ ಕೂಸು. ಅದು ಅಳುವುದಿಲ್ಲ, ಸುಮ್ಮನೆ ನೋಡುತ್ತದೆ. ತನ್ವಿ ತಲೆ ತಗ್ಗಿಸಿಕೊಂಡು ಶಾಲೆಗೆ ಹೋಗಿ ಬರುತ್ತಿದ್ದಾಳೆ. ಹದಿನಾರು ವರ್ಷದ ಹುಡುಗಿ.

ನನ್ನ ಮೇಲೆ? ಕೇಳಬಾರದಿತ್ತು. ಕೇಳಿದೆ.

"ಅಜ್ಜಿ. ಲೆಫ್ಟ್ ಸೈಡ್. ನಿನ್ನ ಕಿವಿ ಹಿಡಕೊಂಡಾಳ."

ಸಿಟ್ಟು ಬಂದಾಗ ಅವ್ವ ಹಿಡಿಯುತ್ತಿದ್ದದ್ದು ಎಡಗಿವಿಯನ್ನೇ. ನಾನು ಸಣ್ಣವಳಿದ್ದಾಗ. ತನ್ವಿಗೆ ಅದನ್ನು ಯಾರೂ ಹೇಳಿಲ್ಲ.

ಬಾತ್‌ರೂಮಿಗೆ ಹೋಗಿ ನಳ ಬಿಟ್ಟು ಅತ್ತೆ.


ಜನವರಿ 18, ಶನಿವಾರ

ಬರೆಯಲು ನಾಚಿಕೆ. ಈ ವಾರವೆಲ್ಲ ಮಗಳ ಎಂಜಲು ತಿಂದೆ. ಪಿಜ್ಜಾದ ಅಂಚು. ಸಿಂಕಿನ ಬಳಿಯಿಟ್ಟ ಅರ್ಧ ಸೇಬು. ಸೀರಿಯಲ್ ಬೌಲಿನ ತಳದ ಹಾಲು. ಪ್ರತಿ ಬೆಳಿಗ್ಗೆ ಹರಳು ಬಾಯಿಗಿಟ್ಟೆ. ಉಪ್ಪು. ಉಪ್ಪು. ಉಪ್ಪು. ಕದ್ದು ತಿಂದರೆ ಬರುವುದಿಲ್ಲ, ಗೊತ್ತೇ ಇತ್ತು.

ಇವತ್ತು ನೇರವಾಗಿ ಕೇಳಿದೆ. ನನಗೆ ಕೊಟ್ಟುಬಿಡು, ನೀನು ಮೊದಲಿನಂತೆ ಇರು ಎಂದೆ. ಕೊಡುವುದಿಲ್ಲ ಎಂದಳು. ಅಜ್ಜಿ ತನ್ನ ಹೆಗಲ ಮೇಲೂ ಇದ್ದಾಳಂತೆ. ಕನ್ನಡಿಯಲ್ಲಿ ಕಾಣುತ್ತಾಳಂತೆ. ಕೂದಲಲ್ಲಿ ಬೆರಳಾಡಿಸುತ್ತಾಳಂತೆ.

"ನಿನಗ ಕೊಟ್ಟರ ನನಗ ಕಾಣೂದಿಲ್ಲ ಆಕಿ. ದೆನ್ ವಾಟ್ ಡೂ ಐ ಹ್ಯಾವ್?"

ಮಗಳಿಗಾಗಿ ಕೇಳಿದೆನೋ, ನನಗಾಗಿಯೋ. ಅವ್ವ ಕಾಣುತ್ತಾಳೆಂದರೆ ನನಗೂ ಬೇಕು.

ತನ್ವಿಯ ಅಪ್ಪ ಪ್ರವೀಣಕುಮಾರ್ ಥಂಡರ್ ಬೇ ಊರಿನಿಂದ ವಿಡಿಯೊ ಕಾಲ್ ಮಾಡಿದ್ದರು. ಅವರು ಓಡಿಸುವ ಲಾರಿ ಹಿಮದಲ್ಲಿ ನಿಂತಿದೆಯಂತೆ. ತನ್ವಿಯ ಮುಖ ಸಪ್ಪಗಿದೆ, ಡಾಕ್ಟರಿಗೆ ತೋರಿಸು ಅಂದರು. ಹೂಂ ಅಂದೆ. ಅವರಿಗೆ ಅತ್ತೆಯ ಕೆಲಸ ಎಂದೂ ಹಿಡಿಸಿದ್ದಲ್ಲ.


ಜನವರಿ 25, ಶನಿವಾರ. ಸಂಜೆ 4

ಏನು ಮಾಡಿದೆ ನಾನು.

ಪಕ್ಕದ ಮನೆಸಾಲಿನ ಶರ್ಮಿಳಾ ಬಂದಿದ್ದಳು. ಕುಂದಾಪುರದ ಕಡೆಯವಳು, ಡೇಕೇರ್‌ನಲ್ಲಿ ಕೆಲಸ. ಸೈಡ್ ಡೋರಿನಿಂದಲೇ ಬಂದಳು, ಅವ್ವನಿದ್ದಾಗ ಎಲ್ಲರೂ ಬರುತ್ತಿದ್ದ ಹಾಗೆ. ಕ್ರಿಸ್‌ಮಸ್ ಮುಂಚೆ ಹೈವೇ ಮೇಲೆ ಅವಳ ಕಾರು ಜಾರಿ ಸುತ್ತು ತಿರುಗಿತ್ತು. ಮೈಗೆ ಏನೂ ಆಗಿಲ್ಲ. ನಿದ್ದೆ ಹೋಗಿದೆ.

"ಕಣ್ಣು ಮುಚ್ಚಿದ್ರೆ ಬ್ರೇಕಿನ ಶಬ್ದ, ಅಕ್ಕ. ನಿಮ್ಮಮ್ಮ ಇದ್ದಿದ್ರೆ ಅವರ ಹತ್ರವೇ ಹೋಗ್ತಿದ್ದೆ. ನಿಮಗೂ ಬರ್ತದಲ್ಲ?"

ಬರುತ್ತದೆ ಎಂದೆ.

ಯಾಕೆ ಎಂದೆ? ಅವಳು ಸ್ಟೂಲಿನ ಮೇಲೆ ಕೂತಳು. ನಾನು ಅವ್ವನ ಖುರ್ಚಿಯಲ್ಲಿ ಕೂತೆ. ಉಪ್ಪು ಹಿಡಿದೆ. ನಿವಾಳಿಸಿದೆ, ಅವ್ವನ ಕೈಯ ಹಾಗೆಯೇ. ಏನೂ ಇಲ್ಲ. ಬರೀ ಉಪ್ಪು. ಶರ್ಮಿಳಾ ನಂಬಿ ಕಣ್ಣು ಮುಚ್ಚಿದ್ದಳು.

ತನ್ವಿ ಯಾವಾಗ ಇಳಿದು ಬಂದಳೋ. ಬಂದು ಶರ್ಮಿಳಾಳ ಕುತ್ತಿಗೆಯ ಹಿಂದೆ ಕೈ ಇಟ್ಟಳು. ಬೆಕ್ಕನ್ನು ಎತ್ತಿಕೊಳ್ಳುವ ಹಾಗೆ. ಶರ್ಮಿಳಾ ದೊಡ್ಡ ಉಸಿರು ಬಿಟ್ಟಳು. ಹಗುರಾಯ್ತು ಅಂತ ನನ್ನ ಕೈ ಹಿಡಿದು ಹೇಳಿದಳು. ನನ್ನ ಕೈ!

ತನ್ವಿಯ ಕೈಯಲ್ಲಿ ಉಪ್ಪಿರಲಿಲ್ಲ. ಶರ್ಮಿಳಾಳ ಮೇಲಿಂದ ಎದ್ದದ್ದಕ್ಕೆ ಇಳಿಯಲು ಬೇರೆ ಜಾಗವಿರಲಿಲ್ಲ, ತನ್ವಿಯ ಮೇಲೆಯೇ ಕುಂತಿತು.


ಜನವರಿ 26, ರವಿವಾರ

ಮಗಳು ಮಲಗಿಲ್ಲ.


ಫೆಬ್ರವರಿ 3, ಸೋಮವಾರ

ರಸ್ತೆಯಲ್ಲಿ ಬಸ್ಸು ನಿಂತರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಶಾಲೆಗೆ ಹೋಗುತ್ತಿಲ್ಲ. ಕ್ಲಿನಿಕ್ಕಿನ ಡಾಕ್ಟರು ಅಜ್ಜಿ ಹೋದ ದುಃಖ, ಆ್ಯಂಗ್ಸೈಟಿ ಎಂದು ಗುಳಿಗೆ ಬರೆದುಕೊಟ್ಟರು. ಒಳ್ಳೆಯ ಹೆಂಗಸು. ಅವರಿಗೆ ಏನು ಹೇಳಲಿ.

ಶರ್ಮಿಳಾ ನೀರು ದೋಸೆ ತಂದುಕೊಟ್ಟಳು. ಮಗುವಿನಂತೆ ಮಲಗುತ್ತಿದ್ದಾಳಂತೆ. ಮುಖ ತುಂಬಿಕೊಂಡಿದೆ. ಬಾಗಿಲಲ್ಲೇ ನಿಲ್ಲಿಸಿ ಕಳಿಸಿದೆ.

ತನ್ವಿ ಒಂದು ದೋಸೆ ಮುರಿದು ಅಲ್ಲಿಯೇ ಬಿಟ್ಟಳು.


ಫೆಬ್ರವರಿ 5, ಬುಧವಾರ

ಕೆಲಸಕ್ಕೆ ಹೋಗಲಿಲ್ಲ.

ತನ್ನ ಮೇಲೆ ಕುಂತದ್ದನ್ನು ತಾನೇ ಇಳಿಸಿಕೊಳ್ಳಲಾಗದು. ಅವ್ವನಿಗೂ ಆಗುತ್ತಿರಲಿಲ್ಲ. ಮನೆಯಲ್ಲಿ ಇನ್ನೊಬ್ಬಳಿಗೆ ಕಾಣಬೇಕು. ಇಲ್ಲಿ ಇನ್ನೊಬ್ಬಳೆಂದರೆ ನಾನು. ನನಗೆ ಕಾಣಬೇಕಾದರೆ ತನ್ವಿ ಕೊಡಬೇಕು.

ಇನ್ನೊಂದಿದೆ. ಅದನ್ನು ಮುಚ್ಚಿಟ್ಟು ಕೇಳಲಾರೆ. ಅಪ್ಪ ಸತ್ತಾಗ ನನಗೆ ಊಟ ಸೇರುತ್ತಿರಲಿಲ್ಲ. ಇಳಿಸು ಎಂದು ಅವ್ವನ ಕಾಲು ಹಿಡಿದಿದ್ದೆ. ಆಗ ಅವಳು ಹೇಳಿದ್ದು: "ನಿಮ್ಮಪ್ಪನೂ ಇಳದು ಹೊಕ್ಕಾನ. ಕುಂತದ್ದೆಲ್ಲಾ ಒಮ್ಮೆಗೇ ಇಳೀತೈತಿ, ಇದು ಬೇಕು ಅದು ಬ್ಯಾಡ ಅನ್ನಾಕ ಬರೂದಿಲ್ಲ. ಅಳು. ಅತ್ತು ಉಣ್ಣು."

ತನ್ವಿಯ ಹೆಗಲ ಮೇಲೆ ಬ್ರೇಕಿನದು ಕುಂತಿದೆ. ಅಜ್ಜಿಯೂ ಕುಂತಿದ್ದಾಳೆ.

ಸಂಜೆ ಹಾಸಿಗೆಯ ಪಕ್ಕ ಕೂತು ಎಲ್ಲ ಹೇಳಿದೆ. ಗೋಡೆಯ ಕಡೆ ತಿರುಗಿ ಮಲಗಿದ್ದಳು.

"ವಿಲ್ ಐ ಫರ್ಗೆಟ್ ಹರ್?"

"ಇಲ್ಲ. ನೆನಪು ಎಲ್ಲಿಗೂ ಹೋಗೂದಿಲ್ಲ. ಹೆಗಲ ಮ್ಯಾಲಿನ ಭಾರ ಹೊಕ್ಕೈತಿ."

"ಆಕಿ ಭಾರ ಇಲ್ಲ."

ಬಾಗಿಲು ಹಾಕಿಕೊಂಡು ಬಂದೆ.


ಫೆಬ್ರವರಿ 8, ಶನಿವಾರ. ಮಧ್ಯಾಹ್ನ

ತನ್ವಿ ಒಬ್ಬಳೇ ಹೊರಗೆ ಹೋಗಿ ಬಂದಳು. ವಾರದಲ್ಲಿ ಮೊದಲ ಸಲ. ಜಾಕೆಟ್ಟಿನ ಟೋಪಿಯ ಒಳಗೆ ಕಿವಿಗೆ ಹತ್ತಿ ತುರುಕಿಕೊಂಡಿದ್ದಳು. ಅಂಗಡಿಯ ಚೀಲದಲ್ಲಿ ಆ್ಯಪಲ್‌ಸಾಸ್. ಆಸ್ಪತ್ರೆಯಲ್ಲಿದ್ದಂಥದೇ ಸಣ್ಣ ಕಪ್ಪು.

ಅಡುಗೆಮನೆಯ ಟೇಬಲ್ಲಿಗೆ ಕೂತೆವು. ಕನ್ನಡಿಯ ಮುಂದೆ ಅಜ್ಜಿಗೆ ಹೇಳಿ ಬಂದೆ ಅಂದಳು. ಒಂದು ಚಮಚ ಎತ್ತಿದಳು, ಅರ್ಧ ತಿಂದಳು. ಅಲ್ಲಿಗೆ ಕೈ ನಿಂತಿತು. ಕೇಳಬಾರದು, ಕೈ ಚಾಚಬಾರದು. ತೊಡೆಯ ಮೇಲೆ ಕೈ ಕಟ್ಟಿ ಕೂತೆ.

"ತಗೊ ಮಮ್ಮಿ. ನಾನಾಗೇ ಕೊಡಾಕತ್ತೀನಿ."

ತಿಂದೆ. ಸಿಹಿ ಇತ್ತು, ತಣ್ಣಗಿತ್ತು.

ಜೀವನವೆಲ್ಲ ಇದಕ್ಕಾಗಿ ಕಾಯ್ದೆ. ಅವ್ವ ನನಗೆ ಕೊಡದೆಯೇ ಸತ್ತದ್ದು ಇದನ್ನೇ. ಚಮಚ ತೊಳೆದು ಎತ್ತಿಟ್ಟೆ.


ಫೆಬ್ರವರಿ 9, ರವಿವಾರ. ಬೆಳಿಗ್ಗೆ 7

ಹರಳು ನಾಲಿಗೆಯ ಮೇಲಿಟ್ಟೆ. ಕಲ್ಲು. ಇನ್ನೊಂದು ಇಟ್ಟೆ. ಕಲ್ಲು.

ತನ್ವಿಯ ಕೋಣೆಗೆ ಹೋಗುತ್ತಿದ್ದೇನೆ.


ಬೆಳಿಗ್ಗೆ 9-30

ಆಯಿತು. ಮರೆಯುವ ಮೊದಲು ಬರೆದಿಡುತ್ತೇನೆ.

ಬಾಗಿಲಲ್ಲೇ ಕಂಡಿತು. ಅವಳ ಕುತ್ತಿಗೆಗೆ ನೆನೆದ ಕಂಬಳಿಯಂಥದು ಸುತ್ತಿಕೊಂಡಿತ್ತು. ಕಣ್ಣಿಲ್ಲ. ಉಸಿರಾಡುತ್ತಿತ್ತು. ಬಲ ಹೆಗಲ ಮೇಲೆ ಅವ್ವ. ಇಷ್ಟೇ ಇಷ್ಟು. ಕಾಲು ಮಡಚಿ, ತಲೆಯ ಮೇಲೆ ಸೆರಗು ಹೊದ್ದು, ತನ್ವಿಯ ಕೂದಲನ್ನು ಬಿಡಿಸುತ್ತ ಕೂತಿದ್ದಳು. ಆ ಹಸಿಯಾದದ್ದು ಅವಳ ಮೈಗೂ ಒತ್ತಿಕೊಂಡಿತ್ತು. ಅವಳು ಒಂದು ಕೈಯಿಂದ ಅದನ್ನು ತನ್ವಿಯ ಕಿವಿಯಿಂದ ದೂರ ಹಿಡಿದಿದ್ದಳು. ಇಷ್ಟು ದಿನವೂ ಹಿಡಿದಿದ್ದಳೋ ಏನೋ.

ಅವ್ವಾ ಎಂದೆ. ನನ್ನ ಮುಷ್ಟಿ ನೋಡಿದಳು. ಉಪ್ಪು ನೋಡಿದಳು. ಯಾರದೋ ಮನೆಯಲ್ಲಿ ಚಹಾ ಕುಡಿದು ಎದ್ದು ಹೊರಡುವಾಗ ಮಾಡುತ್ತಿದ್ದ ಹಾಗೆ, ಸೆರಗು ಸರಿ ಮಾಡಿಕೊಂಡಳು.

ನಿವಾಳಿಸಿದೆ. ಇಳಿದವು. ಎರಡೂ ಇಳಿದವು.

ಅಜ್ಜಿ ಹೋದಳಾ ಎಂದು ತನ್ವಿ ಕೇಳಿದಳು. ಹೋದಳು ಎಂದೆ. ಅತ್ತಳು. ಜೋರಾಗಿ ಅತ್ತಳು, ಆಸ್ಪತ್ರೆಯಲ್ಲಿ ಅಳದವಳು. ಬಸ್ಸೊಂದು ಬಂದು ನಿಂತು ಹೋಯಿತು. ಅದು ಅವಳಿಗೆ ಕೇಳಿಸಲೂ ಇಲ್ಲ. ಆಮೇಲೆ ಹಸಿವೆ ಅಂದಳು. ಅನ್ನ ಸಾರು ಬೇಕಂತೆ, ಬೆಳಿಗ್ಗೆಯೇ. ಮಾಡಿ ಬಡಿಸಿ ಬಂದು ಕೂತಿದ್ದೇನೆ.

ಪೊಟ್ಟಣ ಎದುರಿಗಿದೆ. ಅಂಗಡಿಯ ಹಳೆಯ ಜಾಹೀರಾತು ಹಾಳೆಯಲ್ಲಿ ಕಟ್ಟಿದ್ದೇನೆ. ಮುಟ್ಟಿದರೆ ಒಂದು ಮಗ್ಗಲು ತಣ್ಣಗೆ, ಒಂದು ಮಗ್ಗಲು ಬೆಚ್ಚಗೆ. ಬಿಚ್ಚಿ ಬೆಚ್ಚಗಿನದನ್ನಷ್ಟು ಡಬ್ಬಿಗೆ ಹಾಕಿಡಲೇ ಎಂದು ದಾರ ಸಡಿಲಿಸಿದೆ. ಉಪ್ಪಿನ ಒಳಗೆ ಬ್ರೇಕು ಕಿರ್ ಎಂದಿತು. ಮತ್ತೆ ಬಿಗಿದೆ. ಮನೆಯಲ್ಲಿ ಇಡಲಾಗದು. ಮಧ್ಯಾಹ್ನದೊಳಗೆ ಚೆಲ್ಲಬೇಕು. ತಿರುಗಿ ನೋಡಬಾರದು.

ರಾತ್ರಿಯಿಡೀ ಲಾರಿ ಓಡಾಡಿದೆ. ಮೂರು ದಾರಿ ಕೂಡುವಲ್ಲಿ ನೆಲವೆಲ್ಲ ಉಪ್ಪು. ಇದನ್ನು ಚೆಲ್ಲಿದರೆ ಯಾವುದು ಅವ್ವ, ಯಾವುದು ರಸ್ತೆಯದು...

ಎಡಗಿವಿ ಮುಟ್ಟಿಕೊಂಡೆ. ಕನ್ನಡಿಯಿಲ್ಲದೆ ನನ್ನದು ನನಗೆ ಕಾಣುವುದಿಲ್ಲ. ಇಳಿಸುವವರು ಯಾರೂ ಇಲ್ಲ. ಇರಲಿ, ಅಲ್ಲಿಯೇ ಇರಲಿ.

ಅಡುಗೆಮನೆಯಿಂದ ತನ್ವಿ ಕೂಗುತ್ತಿದ್ದಾಳೆ. "ಮಮ್ಮಿ, ಸಾರು ಭಾಳ ಉಪ್ಪಾಗೇತಿ. ಲೈಕ್, ಅಜ್ಜಿ-ಲೆವೆಲ್."

ಬೂಟು ಹಾಕಿಕೊಂಡೆ. ಪೊಟ್ಟಣ ಜಾಕೆಟ್ಟಿನ ಒಳಜೇಬಿನಲ್ಲಿ, ಬೆಚ್ಚಗಿನ ಮಗ್ಗಲು ಎದೆಯ ಕಡೆಗೆ. ಬಸ್ ಸ್ಟಾಪಿನ ತನಕ ಅಷ್ಟೇ. ಅಲ್ಲಿಂದಾಚೆ ಚೆಲ್ಲಿ, ತಿರುಗಿ ನೋಡದೆ ಬರುತ್ತೇನೆ.