ಕಾಠ್ಮಂಡುವಿನಲ್ಲಿ ವಡಾಪ್

೧೪ ಅಕ್ಟೋಬರ್ ೧೯೯೨, ಕಾಠ್ಮಂಡು. ಮುಂಜಾನೆ ೯

ಎರಡು ಟ್ಯಾಕ್ಸಿ ಹತ್ತಿ ಇಳಿದಾಯಿತು. ನಮ್ಮೂರು ಶೇಡಬಾಳದವರಲ್ಲಿ ಪರದೇಶದ ಟ್ಯಾಕ್ಸಿ ಹತ್ತಿದ ಮೊದಲ ಗಂಡಸು ನಾನೇ. ಏಳನೇ ಈಯತ್ತೆಯವರೆಗೆ ಓದಿದ್ದೇ ಸಾಕಾಯಿತು.

ಇಲ್ಲಿಯವರಿಗೆ ಬುದ್ಧಿ ಕಡಿಮೆ. ನಮ್ಮ ವಡಾಪ್ ಜೀಪು ಯಾರು ಕೈ ಮಾಡಿದರೂ ನಿಲ್ಲುತ್ತದೆ. ಒಳಗೆ ಹದಿನೈದು, ಹಿಂದೆ ನಾಲ್ವರು ಜೋತು. ಇಲ್ಲಿ ಒಂದು ಗಾಡಿಗೆ ಒಬ್ಬನೇ!

ಅಣ್ಣನ ಮಗ ಅಣ್ಣಾಸಾಬ, ಅಥಣಿಯಲ್ಲಿ ಮಾಸ್ತರ, ಜೊತೆಗಿದ್ದಾನೆ. "ಕಾಕಾ, ಜರಾ ಸಮಾಧಾನದಿಂದ ಇರ್ರಿ" ಅನ್ನುತ್ತಾನೆ. "ಲೇ, ಕಾಗವಾಡ ಸ್ಟ್ಯಾಂಡಿನ್ಯಾಗ ಒಂದ ಸೀಟಿಗೆ ಇಬ್ಬರ ಹಲ್ಲ ಉದುರಿಸಿದಾಂವ ನಾ" ಅಂದೆ.

ಅದಕ್ಕೇ ಹೆಂಡತಿ ಚಂದ್ರಮತಿ ನಮ್ಮ ಜೈನರ ಕ್ಷೇತ್ರ ಶಿಖರಜಿಯಲ್ಲಿ ನೇಮ ಹಿಡಿಸಿದಳು. ಯಾತ್ರೆ ಮುಗಿಯುವವರೆಗೆ ಯಾರ ಮೇಲೂ ಕೈ ಎತ್ತಬಾರದು. ಎತ್ತಿದರೆ ಅನ್ನ ಬಿಡುವವಳು ಅವಳು. ನಾನಲ್ಲ. ಕಿಲಾಡಿ ಹೆಂಗಸು.

ಅದೇ ದಿನ. ಸಂಜೆ ೬:೩೦

ಬಲಗೈ ಬಾತಿದೆ... ಬರೆಯಲೇಬೇಕು.

ಪೇಟೆಯಲ್ಲಿ ಹೊತ್ತಾಯಿತು. ಚಂದ್ರಮತಿಗೆ ದಿನಕ್ಕೆ ಒಂದೇ ಊಟ, ಅದೂ ಹೊತ್ತು ಮುಳುಗುವ ಮೊದಲು. ನಾನು ಹೋಗದೆ ಉಣ್ಣುವುದಿಲ್ಲ. ಸೂರ್ಯ ಗುಡ್ಡದ ಹತ್ತಿರ ಇಳಿದಿದ್ದ. ಯಾವ ಟ್ಯಾಕ್ಸಿಯೂ ನಿಲ್ಲಲಿಲ್ಲ.

ಚೌಕದಲ್ಲಿ ಒಂದು ನಿಂತಿತು. ಹಿಂದೆ ಒಬ್ಬ ಮುದುಕ, ಮಡಿಲಲ್ಲಿ ಬ್ಯಾಗು. ಜಾಗ ಖಾಲಿ. ಬಾಗಿಲು ತೆಗೆದು ಕೂತೆ. "ಸರಕೋ ಬಾಬಾ" ಅಂದು ತೊಡೆಯಿಂದ ಒತ್ತಿದೆ. ನಮ್ಮಲ್ಲಿ ಹಾಗೇ.

"ಕಾಕಾ, ಇಳೀರಿ! ಇದು ವಡಾಪ್ ಅಲ್ರಿ!" ಹೊರಗಿಂದ ಅಣ್ಣಾಸಾಬ.

ಮುದುಕ ಚೀರಿದ. ಬ್ಯಾಗು ಕಸಿಯಲು ಬಂದವನೆಂದು ತಿಳಿದನೋ ಏನೋ, ನನ್ನ ಕೈ ಕಚ್ಚಿದ. ಹಲ್ಲು ಎಲುಬಿಗೆ ಮುಟ್ಟಿತು. ಮುಖಕ್ಕೆ ಗುದ್ದಿದೆ. ಮೂಗಿನಿಂದ ರಕ್ತ, ಬ್ಯಾಗಿನ ಮೇಲೆಲ್ಲ.

ಡ್ರೈವರ್ ಜಾಕಿನ ರಾಡ್ ಹಿಡಿದು ಇಳಿದ. ಹೆಗಲಿಗೆ ಒಂದು ಏಟು. ನಾನು ಹೊರಗೆ ಹಾರಿದೆ. ರಾಡ್ ಕಸಿದೆ. ಅವನ ಎಡಗೈ ಬಾಗಿಲ ಸಂದಿಯಲ್ಲಿತ್ತು. ಕಂಡಿತ್ತು ನನಗೆ. ಆದರೂ ಬಾಗಿಲನ್ನು ಒದ್ದೆ.

ಕಬ್ಬು ಮುರಿದ ಸಪ್ಪಳ.

ಜನ ಮೈಮೇಲೆ ಬಿದ್ದರು. ಅಣ್ಣಾಸಾಬ ನನ್ನನ್ನು ಎಳೆದುಕೊಂಡು ಓಡಿದ.

ಹೊತ್ತು ಮುಳುಗುವ ಮೊದಲೇ ಹೋಟೆಲ್ ಮುಟ್ಟಿದೆ. ಮೆಟ್ಟಿಲಿನಿಂದ ಬಿದ್ದೆ ಅಂದೆ. ಚಂದ್ರಮತಿ ನನ್ನ ಕೈ ತಿರುಗಿಸಿ ನೋಡಿದಳು.

"ಮೆಟ್ಟಲಿಗೆ ಹಲ್ಲ ಇರ್ತಾವೇನ್ರಿ?"

ಅನ್ನ ಬಡಿಸಿದ ಗಂಗಾಳವನ್ನು ದೂರ ಸರಿಸಿದಳು.

೧೫ ಅಕ್ಟೋಬರ್

ಚಂದ್ರಮತಿಗೆ ನೀರು ಮಾತ್ರ. ಅಣ್ಣಾಸಾಬ ಎಲ್ಲ ಹೇಳಿಬಿಟ್ಟಿದ್ದಾನೆ. "ಆ ಡ್ರೈವರನ ಕಡೆ ಹೋಗಿ ಕ್ಷಮಾ ಕೇಳ್ರಿ. ಅವ ಕ್ಷಮಾ ಮಾಡಿದ ಮ್ಯಾಲೆ ಉಣ್ತೀನಿ."

"ಯಾವ ಟ್ಯಾಕ್ಸಿ ಅಂತ ಹುಡಕಲಿ ಬೇ?"

"ಹೊಡ್ಯಾಕ ಸಿಕ್ಕನಲ್ಲ. ಈಗೂ ಸಿಗ್ತಾನ."

ಹನ್ನೊಂದು ಟ್ಯಾಕ್ಸಿ ಹತ್ತಿದೆ. ಹತ್ತುವ ಮೊದಲು ಒಳಗೆ ಯಾರಾದರೂ ಇದ್ದಾರೇನೋ ನೋಡುತ್ತೇನೆ ಈಗ. ಕೈ ಮುರಿದ ಡ್ರೈವರ್ ಗೊತ್ತಾ ಎಂದು ಕೇಳಿದರೆ ಮುಖ ತಿರುಗಿಸುತ್ತಾರೆ.

೧೭ ಅಕ್ಟೋಬರ್. ಮಧ್ಯಾಹ್ನ

ಸಂಡಾಸಕ್ಕೆ ಹೋಗಿ ಬರುವಾಗ ಚಂದ್ರಮತಿ ಬಿದ್ದಳು. ನಾಡಿ ಸಣ್ಣಗಿದೆ. ನಾಳೆ ಯಾತ್ರೆಯ ಬಸ್ಸು ಹೊರಡುತ್ತದೆ. "ಕಾಕೂ ಹಿಂಗ ಊರು ಮುಟ್ಟೂದಿಲ್ಲ, ಕಾಕಾ" ಅಂದ ಅಣ್ಣಾಸಾಬ. ಹೊಡೆಯೋಣ ಅನ್ನಿಸಿತು. ಹೊಡೆಯಲಿಲ್ಲ.

ಆ ಡ್ರೈವರ್ ಬಸ್ ಸ್ಟ್ಯಾಂಡಿನ ಹತ್ತಿರ ಇದ್ದಾನಂತೆ, ಒಬ್ಬ ಟ್ಯಾಕ್ಸಿಯವ ಹೇಳಿದ. ಹೊರಟೆ.

ಅದೇ ದಿನ. ಸಂಜೆ ೫:೨೦

ಸಿಕ್ಕ. ಕೈಗೆ ಬಿಳಿ ಪಟ್ಟಿ. ಎರಡು ಬೆರಳು ಕತ್ತರಿಸಿದ್ದಾರೆ.

ಕೈ ಮುಗಿದೆ. ಅವನು ಮಾತಾಡುವ ಮೊದಲೇ ಅವನ ಜೊತೆಯವರು ಮೈಮೇಲೆ ಬಿದ್ದರು. ಆರು ಜನ. ಬೂಟಿನಿಂದ ಪಕ್ಕೆಗೆ. ಮುಂದಿನ ಹಲ್ಲು ಎರಡು ನೆಲಕ್ಕೆ. ರಕ್ತ ನುಂಗಿದೆ. ಒಬ್ಬನ ಕುತ್ತಿಗೆ ನನ್ನ ಕೈಗೆ ಸಿಕ್ಕಿತ್ತು, ಒಂದೇ ಹಿಡಿತ ಸಾಕಿತ್ತು... ಬಿಟ್ಟೆ. ಇಷ್ಟು ಏಟು ಸುಮ್ಮನೆ ತಿಂದವನು ನಮ್ಮ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ.

ಕೊನೆಗೆ ಡ್ರೈವರನೇ "ಬಸ್!" ಅಂದ, ಸಾಕು ಅಂತ. "ಮಾರತಾ ಕ್ಯೋಂ ನಹೀ?" ಯಾಕೆ ಹೊಡೆಯುವುದಿಲ್ಲ?

ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ ಹೇಳಿದೆ. ಹೆಂಡತಿ, ನೇಮ, ಮೂರು ದಿನ. ಕೇಳಿದವನು ಟ್ಯಾಕ್ಸಿಯ ಮುಂದಿನ ಬಾಗಿಲು ತೆಗೆದ.

ಎಡಗೈಯಲ್ಲಿ ಗೇರು ಹಾಕಲಾರ. ಅವನು ಕ್ಲಚ್ ಒತ್ತಿ "ಅಬ್" ಅನ್ನುತ್ತಿದ್ದ, ನಾನು ಗೇರು ಎಳೆಯುತ್ತಿದ್ದೆ. ಎರಡು ಸಲ ತಪ್ಪಿತು. ಬೈದ. ಬೈಸಿಕೊಂಡೆ.

ಈಗ ಅವನು ಹೋಟೆಲ್ ಕೋಣೆಯ ಒಳಗೆ, ಚಂದ್ರಮತಿಯ ಮುಂದೆ. ನನ್ನನ್ನು ಹೊರಗೆ ಕಳಿಸಿದಳು. ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಹಾಳೆಗೆ ಬಾಯಿಯ ರಕ್ತ ಬೀಳುತ್ತಿದೆ. ಸೂರ್ಯ ಗುಡ್ಡದ ಮೇಲೆ ಒಂದೇ ಬೆರಳಷ್ಟು ಉಳಿದಿದ್ದಾನೆ.

ಒಳಗೆ ಅವನು ಏನೋ ಅಂದ. ಸಿಟ್ಟಿನ ದನಿ. ಆಮೇಲೆ ಅವಳು.

ಈಗ ನೆಲಕ್ಕೆ ಗಂಗಾಳ ಇಟ್ಟ ಸಪ್ಪಳ. ಒಂದು.

ಇನ್ನೊಂದು—